ಹಳೆಯ ಪಿಲಾಲ ಬೋನ್ಸಾಯ್‌ಗೆ ಹೊಸ ರೂಪ: ತಂತಿ, ಕತ್ತರಿ ಮತ್ತು ನಮ್ಮ ಮಳೆ

(ಶಿರಸಿಯಲ್ಲಿ ಕೈತೋಟದ ಆಸಕ್ತರ ಮುಂದೆ, ಮೇ ತಿಂಗಳ ಕೊನೆಯಲ್ಲಿ, ಮರವೊಂದನ್ನು ಎದುರಿಗಿಟ್ಟುಕೊಂಡು ಆಡಿದ ಮಾತುಗಳ ಬರಹ ರೂಪ)

ಮೇಜಿನ ಮೇಲಿರುವ ಈ ಮರವನ್ನು ಮೊದಲು ಒಂದು ಸುತ್ತು ಸರಿಯಾಗಿ ನೋಡಿಬಿಡಿ. ತಿರುಗುವ ಹಲಗೆಯ ಮೇಲೆ ಇಟ್ಟಿದ್ದೇನೆ, ನಿಧಾನವಾಗಿ ತಿರುಗಿಸುತ್ತೇನೆ. ಇದು ಪಿಲಾಲ. ನಿಮ್ಮಲ್ಲಿ ಕೆಲವರು ಕಿರುಗೋಳಿ ಅಂತೀರಿ. ಸಸ್ಯಶಾಸ್ತ್ರದವರ ಹೆಸರು ಫೈಕಸ್ ಮೈಕ್ರೋಕಾರ್ಪಾ. ಆಲ, ಅರಳಿ, ಅತ್ತಿ, ಬಸರಿ, ಗರಗತ್ತಿ ಎಲ್ಲವೂ ಇದೇ ಕುಲದವು. ಬೋನ್ಸಾಯ್‌ಗೆ ಅಂದರೆ ಮರವನ್ನು ಕುಂಡದಲ್ಲೇ ಪುಟ್ಟದಾಗಿ ಬೆಳೆಸುವ ಕಲೆಗೆ ಪಿಲಾಲದಷ್ಟು ಒಗ್ಗುವ ಮರ ನಮ್ಮ ಜಿಲ್ಲೆಯಲ್ಲಿ ಮತ್ತೊಂದಿಲ್ಲ ಅಂತ ನನ್ನ ಅನಿಸಿಕೆ. ಎಲೆ ಚಿಕ್ಕದು, ಇನ್ನೂ ಚಿಕ್ಕದು ಮಾಡಬಹುದು. ಕಾಯಿಯೂ ಸಣ್ಣದು. ಅತ್ತಿಯನ್ನು ಕುಂಡದಲ್ಲಿ ಎಷ್ಟು ಚೆನ್ನಾಗಿ ಬೆಳೆಸಿದರೂ ಅಷ್ಟು ದೊಡ್ಡ ಎಲೆ, ಅಷ್ಟು ದೊಡ್ಡ ಕಾಯಿ ಆ ಪುಟ್ಟ ಮರಕ್ಕೆ ಹೊಂದುವುದಿಲ್ಲ. ಕತ್ತರಿ ಹಾಕಿದರೆ ಎಲೆ ಸಣ್ಣದಾದೀತು, ಕಾಯಿ ಸಣ್ಣದಾಗುವುದಿಲ್ಲ.

ಈ ಮರ ಎರಡಡಿ ಎತ್ತರ ಇದೆ. ಬುಡದ ಅಡ್ಡಳತೆ 5 ಇಂಚು. ಬೇರುಗಳು ಮಣ್ಣಿನ ಮೇಲೆ ನಾಲ್ಕೂ ಕಡೆ ಚೆನ್ನಾಗಿ ಹರಡಿವೆ. ತೊಗಟೆಗೆ ಬೂದು ಬಣ್ಣ ಬಂದಿದೆ. ಇಷ್ಟು ವಯಸ್ಸು, ಇಷ್ಟು ಬುಡ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗಲ್ಲ. ಆದರೆ ಮೇಲೆ ನೋಡಿ. ತುದಿಯ ಕೊಂಬೆಗಳು ಕೆಳಗಿನ ಕೊಂಬೆಗಳಿಗಿಂತ ದಪ್ಪ ಆಗಿಬಿಟ್ಟಿವೆ. ಅರ್ಧ ಎತ್ತರದಲ್ಲಿ ಎಡಕ್ಕೊಂದು ಬಲಕ್ಕೊಂದು ಕೊಂಬೆ ಒಂದೇ ಮಟ್ಟದಲ್ಲಿ ಹೊರಟಿವೆ. ಅದರ ಮೇಲೆ ಮೂರು ಕೊಂಬೆ ಒಂದೇ ಗಂಟಿನಿಂದ ಎದ್ದಿವೆ, ಆ ಜಾಗ ಉಬ್ಬಿಕೊಂಡು ಕಾಂಡ ಕೆಳಗಿಗಿಂತ ಮೇಲೆ ದಪ್ಪ ಕಾಣುತ್ತಿದೆ. ಬಲಗಡೆಯ ಕೆಳಗೊಂಬೆಯಲ್ಲಿ, ಕೊಂಬೆ ಬಾಗಿಸಲು ಸುತ್ತಿದ್ದ ಹಳೇ ತಂತಿಯ ಗುರುತು ಸುರುಳಿ ಸುರುಳಿಯಾಗಿ ಉಳಿದಿದೆ. ಬೆರಳಿಟ್ಟರೆ ಏರುತಗ್ಗು ಗೊತ್ತಾಗುತ್ತದೆ. ಯಾರೋ ಕಟ್ಟಿದ ತಂತಿಯನ್ನು ಹೊತ್ತಿಗೆ ಸರಿಯಾಗಿ ಬಿಚ್ಚಲಿಲ್ಲ.

ಇನ್ನೊಂದು ವಿಷಯ ಗಮನಿಸಿ. ಇದನ್ನು ಮೊದಲು ಬೆಳೆಸಿದವರು ಪೈನ್ ಮರದ ಚಿತ್ರ ನೋಡಿ ಬೆಳೆಸಿದ್ದಾರೆ. ಮೇಲೆ ಚೂಪು, ಕೆಳಗೆ ಅಗಲ, ಕೊಂಬೆಗಳೆಲ್ಲ ಕೆಳಕ್ಕೆ ಇಳಿದು ತಟ್ಟೆ ತಟ್ಟೆಯಾಗಿ ಹರಡಿರುವ ತ್ರಿಕೋನ. ಹಿಮ ಬೀಳುವ ಬೆಟ್ಟದ ಮೇಲೆ ಪೈನ್ ಹಾಗೆ ಬೆಳೆಯುತ್ತದೆ, ಹಿಮದ ಭಾರಕ್ಕೆ ಕೊಂಬೆ ಬಾಗುತ್ತದೆ. ನಮ್ಮ ಪಿಲಾಲದ ಮೇಲೆ ಯಾವ ಹಿಮ ಬಿತ್ತು? ಅದು ಬೆಳೆಯುವ ರೀತಿಯೇ ಬೇರೆ.

ನಿಮ್ಮ ಊರಿನ ದೇವಸ್ಥಾನದ ಕಟ್ಟೆಯ ಮೇಲಿನ ಗೋಳಿಮರ ನೆನಪು ಮಾಡಿಕೊಳ್ಳಿ. ಕಾಂಡ ಗಿಡ್ಡ, ಆಳೆತ್ತರಕ್ಕೇ ಕವಲೊಡೆದಿರುತ್ತದೆ. ಕೊಂಬೆಗಳು ಮೊದಲು ಮೇಲಕ್ಕೆ ಏರಿ, ಆಮೇಲೆ ಹೊರಗೆ ಚಾಚಿ, ಕೊನೆಗೆ ತಮ್ಮ ಭಾರಕ್ಕೇ ಸ್ವಲ್ಪ ಇಳಿಯುತ್ತವೆ. ನೆತ್ತಿ ಗುಂಡಗೆ. ಎತ್ತರಕ್ಕಿಂತ ಹರವು ಜಾಸ್ತಿ. ನಾನು ಹೊಸಬರಿಗೆ ಹೇಳುವುದು ಇದನ್ನೇ: ತಂತಿ ಮುಟ್ಟುವ ಮೊದಲು ಕುಮಟಾ, ಅಂಕೋಲಾ, ಕಾರವಾರದ ಒಳರಸ್ತೆಗಳಲ್ಲಿ ಒಮ್ಮೆ ಓಡಾಡಿ ಬನ್ನಿ. ಹೆದ್ದಾರಿ ಅಗಲ ಮಾಡುವಾಗ ರಸ್ತೆ ಪಕ್ಕದ ದೊಡ್ಡ ಮರಗಳು ಎಷ್ಟೋ ಹೋದವು. ಆದರೂ ಊರೊಳಗೆ, ಶಾಲೆಯಂಗಳದಲ್ಲಿ, ಕೆರೆ ದಂಡೆಯಲ್ಲಿ ಇನ್ನೂ ಇವೆ. ಸಮುದ್ರದ ಅಂಚಿನ ಗುಡ್ಡಗಳ ಮೇಲೆ ಪಡುವಣ ಗಾಳಿಗೆ ಪೂರ್ವಕ್ಕೆ ವಾಲಿ ನಿಂತ ಮರಗಳೂ ಕಾಣಸಿಗುತ್ತವೆ. ಒಂದು ಪೆನ್ಸಿಲ್ ತಗೊಂಡು ಕಾಂಡ ಮತ್ತು ಮುಖ್ಯ ಕೊಂಬೆಗಳ ಗೆರೆ ಮಾತ್ರ ಬರೆದುಕೊಳ್ಳಿ. ಎಲೆ ಬರೆಯಬೇಡಿ. ಕೊಂಬೆ ಎಲ್ಲಿ ಹುಟ್ಟುತ್ತದೆ, ಯಾವ ಕೋನದಲ್ಲಿ ಹೊರಡುತ್ತದೆ, ಎಲ್ಲಿ ದಿಕ್ಕು ಬದಲಿಸುತ್ತದೆ, ಅಷ್ಟು ಸಿಕ್ಕರೆ ಸಾಕು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಕೋಲ್ಕತ್ತಾ ಪಕ್ಕ ಹೌರಾದ ಸಸ್ಯೋದ್ಯಾನದ ದೊಡ್ಡ ಆಲದ ಮರದ ಬಗ್ಗೆ ಕೇಳಿರುತ್ತೀರಿ. 1864 ಮತ್ತು 1867ರ ಚಂಡಮಾರುತಗಳಿಗೆ ಅದರ ಕೊಂಬೆಗಳು ಮುರಿದವು, ಆಮೇಲೆ ಶಿಲೀಂಧ್ರ ಹಿಡಿಯಿತು. 1925ರಲ್ಲಿ ಮೂಲ ಕಾಂಡವನ್ನೇ ಕಡಿದು ತೆಗೆದರು. ಮರ ಇವತ್ತಿಗೂ ಇದೆ, ಬಿಳಲುಗಳ ಮೇಲೆ ನಿಂತು ಹರಡುತ್ತಲೇ ಇದೆ. ಈ ಕುಲದ ಮರಕ್ಕೆ ಒಂದೇ ಕಾಂಡ, ಒಂದೇ ತುದಿ ಅಂತ ನಿಯಮ ಇಲ್ಲ. ಹಾಗಾಗಿ ರೂಪ ಬದಲಿಸುವಾಗ ನಮಗೆ ಸ್ವಾತಂತ್ರ್ಯ ಜಾಸ್ತಿ. ಪೈನಿನಲ್ಲಿ ಎಲೆಯೇ ಇಲ್ಲದಂತೆ ಕತ್ತರಿಸಿದ ಕೊಂಬೆ ಹೋದ ಹಾಗೇ. ಆರೋಗ್ಯವಾದ ಪಿಲಾಲದಲ್ಲಿ ಹಳೇ ಕಟ್ಟಿಗೆಯಿಂದಲೂ ಚಿಗುರು ಒಡೆಯುತ್ತದೆ. ಇದೆಲ್ಲ ಶಿರಸಿಯವರಿಗೆ ನಾನು ಹೇಳಬೇಕಾಗಿಲ್ಲ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಲ್ಲಿ ವರ್ಷವರ್ಷ ಸೊಪ್ಪು ಕಡಿದವರು ನೀವು. ಕಡಿದ ಜಾಗದ ಹಿಂದಿನಿಂದ ಮರ ಹೇಗೆ ಚಿಗುರುತ್ತದೆ ಅಂತ ಕಣ್ಣಾರೆ ಕಂಡವರು.

ಸರಿ, ಈಗ ಈ ಮರಕ್ಕೆ ಬರೋಣ. ಮೊದಲ ತೀರ್ಮಾನ ಮುಂಭಾಗ ಯಾವುದು ಅನ್ನುವುದು. ಇಷ್ಟು ದಿನ ಈ ಬದಿ ಮುಂದಿತ್ತು. ನಾನು ಹೀಗೆ, ಸುಮಾರು ಕಾಲು ಸುತ್ತು ತಿರುಗಿಸುತ್ತೇನೆ. ಬೇರಿನ ಹರವು ಇಲ್ಲಿಂದ ಇನ್ನೂ ಅಗಲ ಕಾಣುತ್ತದೆ. ಒಂದೇ ಮಟ್ಟದ ಎರಡು ಕೊಂಬೆಗಳಲ್ಲಿ ಒಂದು ಹಿಂದಕ್ಕೆ ಹೋಯಿತು, ನೋಡಿದಿರಾ? ಇನ್ನು ಕುಂಡದ ಕೆಳಗೆ ಈ ಕಟ್ಟಿಗೆ ತುಂಡು ಇಟ್ಟು ಮರವನ್ನು ಎಡಕ್ಕೆ ಸ್ವಲ್ಪ ವಾಲಿಸುತ್ತೇನೆ. ಹತ್ತು ಡಿಗ್ರಿ ಇರಬಹುದು. ಕಾಂಡಕ್ಕೆ ಒಂದು ಚಲನೆ ಬಂತು. ಮುಂದೆ ಕುಂಡ ಬದಲಿಸುವಾಗ ಇದೇ ಕೋನದಲ್ಲಿ ನೆಡುವುದು. ಇವತ್ತೇ ಬೇರನ್ನೂ ಕೆದಕುವುದಿಲ್ಲ. ಪಿಲಾಲ ಗಟ್ಟಿ ಮರ, ಎರಡನ್ನೂ ಒಟ್ಟಿಗೆ ತಡೆದುಕೊಳ್ಳಬಹುದು. ಆದರೂ ಇಷ್ಟು ವಯಸ್ಸಿನ ಮರಕ್ಕೆ ಮೇಲೂ ಕೆಳಗೂ ಒಂದೇ ದಿನ ಕೈ ಹಾಕುವುದು ನನಗೆ ಒಪ್ಪಿಗೆ ಇಲ್ಲ.

ಮುಂಭಾಗ ಸಿಕ್ಕ ಮೇಲೆ ಕುಂಡವನ್ನು ಮನೆಯ ಜಗುಲಿಯಲ್ಲಿ, ನಿಮ್ಮ ಕಣ್ಣಿನ ಮಟ್ಟಕ್ಕೆ ಇಟ್ಟು ಕೆಲವು ದಿನ ಸುಮ್ನೆ ನೋಡಿ. ತೆಗೆಯಬೇಕು ಅನಿಸಿದ ಕೊಂಬೆಗೆ ಬಟ್ಟೆ ಮುಚ್ಚಿ ನೋಡಿ. ಬೆಳಿಗ್ಗೆ ಬೇಡ ಅನಿಸಿದ ಕೊಂಬೆ ಸಂಜೆಗೆ ಬೇಕು ಅನಿಸುವುದುಂಟು. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ, ಅಲ್ವಾ?

ಕಾಲದ ವಿಷಯ ತುಂಬ ಮುಖ್ಯ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೋನ್ಸಾಯ್ ಬಗ್ಗೆ ನಾವು ಓದುವ ವೇಳಾಪಟ್ಟಿಗಳು ಜಪಾನ್, ಯುರೋಪ್, ಅಮೆರಿಕದವು. ಚಳಿಗಾಲದಲ್ಲಿ ಮರ ನಿದ್ದೆ ಹೋಗುವ ದೇಶಗಳು. ಅಲ್ಲಿ 'ವಸಂತಕ್ಕೆ ಮುಂಚೆ' ಅಂತ ಬರೆದಿದ್ದರೆ ನಾವು ಅದನ್ನು ಇಲ್ಲಿ ಹೇಗೆ ಓದಬೇಕು? ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ನಮಗೆ ಲೆಕ್ಕ ಮಳೆ ನಕ್ಷತ್ರದ್ದು. ದೊಡ್ಡ ಕೊಂಬೆ ಕತ್ತರಿಸುವುದು, ಎಲೆ ತೆಗೆಯುವುದು, ಮೊದಲ ತಂತಿ, ಇವಕ್ಕೆ ಅಡ್ಡಮಳೆ (ಮುಂಗಾರಿಗೆ ಮುಂಚಿನ ಬಿಡಿ ಮಳೆ) ಬಿದ್ದ ಮೇಲಿನ ಮೇ ತಿಂಗಳಿಂದ ರೋಹಿಣಿ ಮಳೆ ಮುಗಿಯುವ ತನಕ, ಅಂದರೆ ಜೂನ್ ಮೊದಲ ವಾರದವರೆಗೆ, ಒಳ್ಳೇ ಹೊತ್ತು. ಬಿಸಿಲೂ ಇದೆ, ನೀರೂ ಇದೆ, ಮರ ಚಿಗುರುವ ಹುರುಪಿನಲ್ಲಿದೆ. ಜೂನ್ ಕೊನೆಗೆ ಆರಿದ್ರಾ ಹಿಡಿಯಿತು ಅಂದರೆ ಬಿಸಿಲು ಹೋಯಿತು. ಆಗ ಹೊಸ ಗಾಯ ಮಾಡಿದರೆ ಒಣಗುವುದೇ ಇಲ್ಲ, ಕೊಳೆಯುತ್ತದೆ. ಎರಡನೇ ಹೊತ್ತು ಉತ್ತರಾ, ಹಸ್ತಾ ಮಳೆಯ ಸುತ್ತ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಆಗ ಬಿಸಿಲು ಮರಳುತ್ತದೆ, ಮಣ್ಣಿನಲ್ಲಿ ತೇವ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಕರಾವಳಿಯವರು ಸಣ್ಣಪುಟ್ಟ ಕೆಲಸ ಮಾಡಬಹುದು. ಘಟ್ಟದ ಮೇಲೆ ರಾತ್ರಿ ಚಳಿ ಜಾಸ್ತಿ, ಪಿಲಾಲ ಮಂಕಾಗುತ್ತದೆ. ಶಿರಸಿ, ಸಿದ್ದಾಪುರದವರು ಆಗ ಬಿಟ್ಟುಬಿಡಿ.

ಮರಕ್ಕೆ ಬಲ ಇದೆಯಾ ಅಂತ ತಿಳಿಯುವುದು ಹೇಗೆ? ತುದಿ ಮೊಗ್ಗು ನೋಡಿ. ಚೂಪಾಗಿ, ತುಂಬಿಕೊಂಡು, ಹೊದಿಕೆ ಬಿಗಿಯಾಗಿರಬೇಕು. ಇತ್ತೀಚಿನ ಚಿಗುರು ಉದ್ದವಾಗಿ ಬಂದಿರಬೇಕು. ಎಲೆ ಮಡಚಿಕೊಂಡು ಒಳಗೆ ಕಪ್ಪು ಸಣ್ಣ ಹುಳ ಇದ್ದರೆ ಅದು ಥ್ರಿಪ್ಸ್, ಪಿಲಾಲಕ್ಕೆ ಬಹಳ ಬರುತ್ತದೆ. ಅಂಥ ಎಲೆಗಳನ್ನು ಕಿತ್ತು ಸುಟ್ಟು, ಮರ ಸುಧಾರಿಸಿದ ಮೇಲೆಯೇ ಮುಂದಿನ ಮಾತು. ಸೊರಗಿದ ಮರಕ್ಕೆ ತಂತಿ ಹಾಕಲೇಬೇಡಿ. ಒಂದು ವರ್ಷ ಬೇವಿನ ಹಿಂಡಿ, ಕಡಲೆ ಹಿಂಡಿ ಕೊಟ್ಟು, ಬಿಸಿಲಿಗಿಟ್ಟು ಬೆಳೆಯಲು ಬಿಡಿ.

ಕತ್ತರಿಸುವ ಕೆಲಸ ಶುರು ಮಾಡುತ್ತೇನೆ. ಒಂದೇ ಗಂಟಿನ ಮೂರು ಕೊಂಬೆಗಳಲ್ಲಿ ನಡುವಿನದು, ಅತಿ ದಪ್ಪದ್ದು, ಮೊದಲು ಹೋಗಬೇಕು. ಅದರ ಜೊತೆ ನೇರ ಎದ್ದ ತುದಿಯೂ ಹೋಗುತ್ತದೆ. ಇದನ್ನು ನೋಡಿ ಕೆಲವರ ಮುಖ ಸಣ್ಣದಾಯಿತು. ಮರ ಈಗ ಆರು ಇಂಚು ಗಿಡ್ಡ ಆಯಿತು, ನಿಜ. ಆದರೆ ಬುಡ ಈಗ ಎಷ್ಟು ದೊಡ್ಡದು ಕಾಣುತ್ತಿದೆ ನೋಡಿ. ಹಾಲು ಸುರಿಯುತ್ತಿದೆ, ಗಾಬರಿ ಬೇಡ. ತಣ್ಣೀರು ಸಿಂಪಡಿಸಿ, ಒದ್ದೆ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಈ ಹಾಲು ಕಣ್ಣಿಗೆ ತಾಗಬಾರದು. ಇದರಲ್ಲಿ ಪ್ರೋಟೀನ್ ಕರಗಿಸುವ ಕಿಣ್ವ ಇರುತ್ತದೆ, ಕೆಲವರ ಚರ್ಮಕ್ಕೆ ತುರಿಕೆ ಬರುತ್ತದೆ. ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ.

ಗಾಯವನ್ನು ಒಳಗೆ ಸ್ವಲ್ಪ ತಗ್ಗಾಗುವಂತೆ ಕತ್ತರಿಸುವ ಇಕ್ಕಳ ಇದು. ತಗ್ಗಾದರೆ ಸುತ್ತಲಿಂದ ಬರುವ ತೊಗಟೆ ಉಬ್ಬದೆ ಸಮನಾಗಿ ಮುಚ್ಚುತ್ತದೆ. ಆದರೆ ನಮ್ಮ ಮಳೆಗೆ ಒಂದು ತಿದ್ದುಪಡಿ ಬೇಕು. ಗಾಯ ಮೇಲ್ಮುಖವಾಗಿದ್ದರೆ ಆ ತಗ್ಗಿನಲ್ಲಿ ನೀರು ನಿಂತು ಕೊಳೆಯುತ್ತದೆ. ಹಾಗಾಗಿ ಇಳಿಜಾರಾಗಿ ಕತ್ತರಿಸಿ, ನೀರು ಹಿಂದಕ್ಕೆ ಜಾರಿ ಹೋಗಲಿ. ಮೇಲೆ ಹಚ್ಚಲು ಅಂಗಡಿಯ ಪೇಸ್ಟೇ ಬೇಕೆಂದಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತ, ಸುಣ್ಣ ನಿಮ್ಮ ಮನೆಯಲ್ಲಿ ಹೇಗೂ ಇರುತ್ತದೆ. ಅಡಿಕೆ ಗೊನೆಗೆ ಹೊಡೆಯುವ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದೊಂದು ಕಿಲೋ ಅಲ್ವಾ? ಮುಲಾಮಿಗೆ 10 ಲೀಟರಿಗೆ ಒಂದೊಂದು ಕಿಲೋ ಲೆಕ್ಕ. ನಮಗೆ ಬೇಕಾದ್ದು ಒಂದು ಬಟ್ಟಲು. ಅದೇ ಅಳತೆಯಲ್ಲಿ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ, 100 ಮಿಲಿಲೀಟರ್ ನೀರು. ಲೋಹದ ಪಾತ್ರೆ ಬೇಡ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಲಸಿ. ಕೆಲವು ದಿನ ನೀಲಿ ಕಾಣುತ್ತದೆ, ಅಷ್ಟೇ.

ಸತ್ತ ಕೊಂಬೆಯನ್ನು ಹಾಗೇ ಉಳಿಸಿ, ತೊಗಟೆ ಸುಲಿದು ಬೆಳ್ಳಗೆ ಮಾಡುವ ಪದ್ಧತಿ ಇದೆ, ಜಪಾನಿನಲ್ಲಿ ಜಿನ್ ಅಂತಾರೆ. ಪೈನ್ ಥರದ ಜುನಿಪರ್ ಮರಕ್ಕೆ ಅದು ಚಂದ, ಅದರ ಕಟ್ಟಿಗೆ ಗಟ್ಟಿ. ಪಿಲಾಲದ ಕಟ್ಟಿಗೆ ಮೆತ್ತಗೆ. ನಮ್ಮ ಮಳೆಯಲ್ಲಿ ಬೇಗನೆ ಟೊಳ್ಳಾಗುತ್ತದೆ, ಕೊಳೆ ಕಾಂಡದೊಳಗೆ ಇಳಿಯುತ್ತದೆ. ಅದರ ಆಸೆ ಬೇಡ.

ಮುಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು: ಇದು ಮರಕ್ಕೆ ಹಿಂಸೆಯಲ್ಲವೇ ಅಂತ. ಈ ಪ್ರಶ್ನೆ ಈ ತಾಲೂಕಿನಲ್ಲಿ ಕೇಳಲೇಬೇಕಾದ್ದು. 1983ರಲ್ಲಿ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತರು, ಅಪ್ಪಿಕೋ ಚಳವಳಿ ಅಲ್ಲಿಂದ ಹುಟ್ಟಿತು. ನನ್ನ ಉತ್ತರ ಹೀಗಿದೆ. ಮೊದಲನೆಯದಾಗಿ, ಬೋನ್ಸಾಯ್‌ಗಾಗಿ ಕಾಡಿನಿಂದ ಒಂದು ಗಿಡವನ್ನೂ ಕೀಳಬೇಡಿ. ಬೇಕಾಗಿಯೂ ಇಲ್ಲ. ಪಿಲಾಲದ ಹಣ್ಣು ತಿಂದ ಹಕ್ಕಿ ನಿಮ್ಮ ಮನೆಯ ಹಳೇ ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಮೇಲೆ, ಬಾವಿಕಟ್ಟೆಯ ಸಂದಿಯಲ್ಲಿ, ಚಾವಣಿಯ ನೀರು ಹೋಗುವ ಕೊಳವೆಯಲ್ಲಿ ಬೀಜ ಹಾಕಿರುತ್ತದೆ. ಬಿಟ್ಟರೆ ಗೋಡೆ ಬಿರಿಯುತ್ತದೆ. ಹೇಗೂ ಕಿತ್ತು ಎಸೆಯಬೇಕಾದ ಗಿಡ ಅದು, ಅದನ್ನು ತನ್ನಿ. ಎರಡನೆಯದಾಗಿ, ಕತ್ತರಿ ಹಾಕಿದ ಮರ ಚಿಗುರಿದರೆ, ಕಾಯಿ ಬಿಟ್ಟರೆ, ಬೇರು ಬಿಳಿಯಾಗಿ ಓಡಿದರೆ ಅದು ಬದುಕುತ್ತಿದೆ ಅಂತ ಅರ್ಥ. ನಿಜವಾದ ಹಿಂಸೆ ಮರೆತುಬಿಟ್ಟ ತಂತಿ. ಅದಕ್ಕೇ ಬರುತ್ತಿದ್ದೇನೆ.

ನನ್ನ ಕೈಯಲ್ಲಿರುವುದು ಅಲ್ಯೂಮಿನಿಯಂ ತಂತಿ, ಕಂದು ಬಣ್ಣ ಕೊಟ್ಟದ್ದು. 1 ಮಿಲಿಮೀಟರಿನಿಂದ 6 ಮಿಲಿಮೀಟರ್ ತನಕ ಸಿಗುತ್ತದೆ. ತಾಮ್ರ ಇನ್ನೂ ಗಟ್ಟಿ ಹಿಡಿಯುತ್ತದೆ, ಪೈನ್, ಜುನಿಪರ್‌ನಂಥ ಮರಗಳಿಗೆ ಅದು ಸರಿ. ಪಿಲಾಲದ ತೊಗಟೆ ತೆಳು, ಬೆಳವಣಿಗೆ ಜೋರು. ಇದಕ್ಕೆ ಮೆತ್ತಗಿನ ಅಲ್ಯೂಮಿನಿಯಂ ಸಾಕು. ಬೇಲಿಗೆ ಕಟ್ಟುವ ಕಬ್ಬಿಣದ ತಂತಿಯನ್ನು ದಯವಿಟ್ಟು ಬಳಸಬೇಡಿ. ಅದು ತುಕ್ಕು ಹಿಡಿಯುತ್ತದೆ, ತೊಗಟೆ ಕೊಯ್ಯುತ್ತದೆ. ತಂತಿಯ ದಪ್ಪ ಕೊಂಬೆಯ ದಪ್ಪದ ಮೂರನೇ ಒಂದು ಭಾಗ ಇರಲಿ. ಈ ಕೊಂಬೆ 12 ಮಿಲಿಮೀಟರ್ ಇದೆ, 4 ಮಿಲಿಮೀಟರ್ ತಂತಿ ತಗೊಂಡೆ. ಅನುಮಾನ ಇದ್ದರೆ ತಂತಿಯ ತುದಿಯಿಂದ ಕೊಂಬೆಯನ್ನು ದೂಡಿ ನೋಡಿ. ಕೊಂಬೆ ಬಾಗಿದರೆ ತಂತಿ ಸಾಕು, ತಂತಿ ಬಾಗಿದರೆ ಇನ್ನೂ ದಪ್ಪದ್ದು ಬೇಕು.

ಒಂದೇ ತಂತಿಯಲ್ಲಿ ಎರಡು ಕೊಂಬೆ ಕಟ್ಟುವುದು ಒಳ್ಳೇ ಕ್ರಮ. ನಡುಭಾಗ ಕಾಂಡವನ್ನು ಕನಿಷ್ಠ ಒಂದು ಸುತ್ತು ಹಿಡಿದಿರಬೇಕು. ಇಲ್ಲದಿದ್ದರೆ ಒಂದು ಕೊಂಬೆ ಬಾಗಿಸಿದಾಗ ಇನ್ನೊಂದು ಅಲುಗುತ್ತದೆ. ಸುರುಳಿ 45 ಡಿಗ್ರಿಯಲ್ಲಿ ಸಾಗಲಿ. ತೀರ ಹತ್ತಿರ ಸುತ್ತಿದರೆ ಹಿಡಿತ ಇಲ್ಲ, ತೀರ ದೂರ ಸುತ್ತಿದರೂ ಇಲ್ಲ. ತೊಗಟೆಗೆ ತಾಗಿರಬೇಕು, ಒತ್ತಿರಬಾರದು. ಇಲ್ಲಿ ಎಡಗೈಯೇ ಯಜಮಾನ. ಅಬ್ಬಲಿಗೆ ದಂಡೆ ಕಟ್ಟುವವರನ್ನು ನೋಡಿದ್ದೀರಲ್ಲ, ಬಲಗೈ ಹೊಸ ಹೂ ಸೇರಿಸುವಾಗ ಎಡಗೈ ಹೆಬ್ಬೆರಳು ಹಿಂದಿನ ಗಂಟನ್ನು ಬಿಡುವುದೇ ಇಲ್ಲ. ಹಾಗೇ ಇದು. ಸುತ್ತಿ ಆದ ಭಾಗವನ್ನು ಎಡಗೈ ಅದುಮಿ ಹಿಡಿದಿರುತ್ತದೆ, ಬಲಗೈ ತಂತಿಯನ್ನು ಮುಂದಕ್ಕೆ ಒಯ್ಯುತ್ತದೆ. ಸಣ್ಣ ಕೊಂಬೆಗೆ ಬಂದಾಗ ಸಣ್ಣ ತಂತಿ, ದೊಡ್ಡದರ ಪಕ್ಕದಲ್ಲೇ ಸಾಗಬೇಕು. ಒಂದರ ಮೇಲೊಂದು ಹತ್ತಿದರೆ ಆ ಅಡ್ಡಗಂಟಿನಲ್ಲೇ ಮೊದಲು ಗಾಯ ಆಗುತ್ತದೆ. ಎಲೆ, ಮೊಗ್ಗು ತಂತಿಯಡಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

ಸುತ್ತುವ ದಿಕ್ಕು ಬಾಗಿಸುವ ದಿಕ್ಕಿನ ಮೇಲೆ ನಿಂತಿದೆ. ಈ ಕೊಂಬೆಯನ್ನು ಕೆಳಕ್ಕೂ ಬಲಕ್ಕೂ ತಿರುಚಬೇಕು. ತಿರುಚುವ ಕಡೆಗೇ ಸುತ್ತಿದರೆ ತಂತಿ ಬಿಗಿಯಾಗುತ್ತದೆ, ಎದುರು ಸುತ್ತಿದರೆ ಸಡಿಲಾಗುತ್ತದೆ. ಬಾಗುವ ಜಾಗದಲ್ಲಿ ತಂತಿ ಬಾಗಿನ ಹೊರಮೈ ಮೇಲೆ ಹಾದುಹೋಗಿರಬೇಕು. ಸೀಳುವುದಾದರೆ ಹೊರಮೈಯೇ ಸೀಳುವುದು. ತಂತಿ ಅಲ್ಲಿದ್ದರೆ ತಡೆಯುತ್ತದೆ. ಈಗ ಎರಡೂ ಹೆಬ್ಬೆರಳು ಒಳಬದಿಗೆ ಆನಿಸಿ, ಉಳಿದ ಬೆರಳುಗಳು ಹೊರಗಿನಿಂದ ತಂತಿಯನ್ನು ಒತ್ತುತ್ತಾ, ಸ್ವಲ್ಪ ಬಾಗಿಸಿ, ನಿಲ್ಲಿಸಿ, ಮತ್ತೆ ಸ್ವಲ್ಪ. ಸಣ್ಣ ಚಟ್ ಸದ್ದು ಕೇಳಿದರೆ ಅಲ್ಲೇ ನಿಲ್ಲಿ. ಆ ದಿನಕ್ಕೆ ಅಷ್ಟೇ. ಕೆಲಸಕ್ಕೆ ಮುಂಚೆ ಒಂದು ದಿನ ನೀರು ಕಡಿಮೆ ಕೊಟ್ಟಿದ್ದರೆ ಕೊಂಬೆ ಇನ್ನೂ ಬಳುಕುತ್ತದೆ.

ಬಾಗಿದ ಕೊಂಬೆ ಹಾಗೇ ಯಾಕೆ ನಿಲ್ಲುತ್ತದೆ ಗೊತ್ತಾ? ಬಾಗಿಸಿದಾಗ ಹೊರಬದಿ ಎಳೆದುಕೊಳ್ಳುತ್ತದೆ, ಒಳಬದಿ ಅದುಮಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಸಣ್ಣ ಬಿರುಕುಗಳಾಗುತ್ತವೆ. ತೊಗಟೆಯ ಕೆಳಗಿನ ಬೆಳೆಯುವ ಪದರ ಆ ಹೊಸ ಭಂಗಿಯಲ್ಲೇ ಹೊಸ ಕಟ್ಟಿಗೆ ಕಟ್ಟುತ್ತದೆ. ಅಂದರೆ ರೂಪವನ್ನು ಹಿಡಿದಿಡುವುದು ತಂತಿಯ ನಂತರ ಬರುವ ಬೆಳವಣಿಗೆ. ಬೆಳೆಯದ ಮರಕ್ಕೆ ವರ್ಷಗಟ್ಟಲೆ ತಂತಿ ಇಟ್ಟರೂ ಬಿಚ್ಚಿದ ಕೂಡಲೇ ಮೊದಲಿನ ಜಾಗಕ್ಕೆ ಹೋಗುತ್ತದೆ. ಇನ್ನೊಂದು ಸಂಗತಿ: ಅಗಲ ಎಲೆಯ ಮರಗಳು ಬಾಗಿದ ಕೊಂಬೆಯ ಮೇಲ್ಬದಿಯಲ್ಲಿ ಒಂದು ಬಗೆಯ ಎಳೆಯುವ ಕಟ್ಟಿಗೆ ಕಟ್ಟುತ್ತವೆ. ಅದು ಕೊಂಬೆಯನ್ನು ಮತ್ತೆ ಮೇಲಕ್ಕೆ ಎಳೆಯುತ್ತದೆ. ಪೈನ್ ಜಾತಿಯಲ್ಲಿ ಉಲ್ಟಾ, ಕೆಳಗಿನಿಂದ ತಳ್ಳುತ್ತದೆ. ಹಾಗಾಗಿ ಪಿಲಾಲದ ಕೊಂಬೆಯನ್ನು ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಸಿ ಕಟ್ಟಿ.

ಇದೇ ಎಳೆಯುವ ಕಟ್ಟಿಗೆ ಬಿಳಲಿನಲ್ಲೂ ಇದೆ. ಗಾಳಿಯಲ್ಲಿ ತೂಗುವ ಬಿಳಲು ಸಡಿಲ ಇರುತ್ತದೆ. ನೆಲ ಮುಟ್ಟಿ ಬೇರು ಬಿಟ್ಟ ಮೇಲೆ ನೋಡಿ, ನೆಟ್ಟಗೆ, ಬಿಗಿಯಾಗಿ ನಿಂತುಬಿಡುತ್ತದೆ. ನೆಲದಲ್ಲಿ ಹಿಡಿದುಕೊಂಡು ತಾನೇ ಕುಗ್ಗಿ ಬಿಗಿಯಾಗುತ್ತದೆ. ಎಷ್ಟು ಸೊಗಸಾದ ವ್ಯವಸ್ಥೆ! ನಿಮ್ಮ ಬೋನ್ಸಾಯ್‌ನಲ್ಲೂ ಇದು ನಡೆಯುತ್ತದೆ. ಜೂನ್, ಜುಲೈನ ತೇವದ ಗಾಳಿಯಲ್ಲಿ ಕೊಂಬೆಯಡಿ ಬಿಳಲು ಮೂಡಿದರೆ ಅದಕ್ಕೊಂದು ಸೀಳಿದ ಕೊಳವೆ ತೊಡಿಸಿ, ಒಳಗೆ ಒದ್ದೆ ಪಾಚಿ ತುಂಬಿ, ಮಣ್ಣಿನವರೆಗೆ ಇಳಿಸಿ. ಕೇರಳ, ತೈವಾನ್ ಎಲ್ಲ ಹೀಗೇ ತೇವದ ಊರುಗಳು. ತೈವಾನಿನವರು ಇದೇ ಪಿಲಾಲದಲ್ಲಿ ಎಂಥೆಂಥ ಬೋನ್ಸಾಯ್ ಮಾಡಿದ್ದಾರೆ! ನಮ್ಮ ಕರಾವಳಿಗೂ ಅದೇ ಅನುಕೂಲ ಇದೆ, ನಾವು ಅದನ್ನು ಇನ್ನೂ ಪೂರ್ತಿ ಬಳಸಿಲ್ಲ.

ಬಲಗಡೆಯ ಈ ದಪ್ಪ ಕೊಂಬೆಗೆ ಸುರುಳಿ ತಂತಿ ಆಗದು. ಎಷ್ಟು ದಪ್ಪದ ತಂತಿ ಸುತ್ತಿದರೂ ತೊಗಟೆ ನುಜ್ಜಾಗುತ್ತದೆಯೇ ಹೊರತು ಕೊಂಬೆ ಬಾಗುವುದಿಲ್ಲ. ಇದಕ್ಕೆ ಎಳೆತಂತಿ. ಕೊಂಬೆಯ ಮೇಲೆ ಹಳೇ ಸೈಕಲ್ ಟ್ಯೂಬಿನ ತುಂಡು ಇಟ್ಟು, ಅದರ ಮೇಲೆ ತಂತಿ ಹಾಯಿಸಿ, ಕುಂಡದ ಕೆಳಗಿನ ರಂಧ್ರದ ಮೂಲಕ ಕಟ್ಟಿದ್ದೇನೆ. ಜೋಡಿ ತಂತಿಯ ನಡುವೆ ಈ ಕಡ್ಡಿ ಸಿಕ್ಕಿಸಿ ತಿರುವಿದರೆ ಬಿಗಿಯಾಗುತ್ತದೆ. ವಾರಕ್ಕೊಂದು ತಿರುವು ಸಾಕು. ಆದರೂ ಬಗ್ಗದಿದ್ದರೆ ಕೊಂಬೆಯ ಬುಡದ ಕೆಳಬದಿಯಲ್ಲಿ ಗರಗಸದಿಂದ ಸಣ್ಣ ವಿ ಆಕಾರದ ಕಚ್ಚು ಹಾಕಿ, ಮೂರನೇ ಒಂದು ಭಾಗಕ್ಕಿಂತ ಆಳ ಬೇಡ. ಬಾಗಿಸಿದಾಗ ಕಚ್ಚು ಮುಚ್ಚಿಕೊಳ್ಳುತ್ತದೆ, ಪಿಲಾಲ ಬೇಗ ಬೆಸೆದುಕೊಳ್ಳುತ್ತದೆ.

ಈಗ ಎಲೆ. ತಂತಿ ಕಟ್ಟುವ ಕೊಂಬೆಗಳ ದೊಡ್ಡ ಎಲೆಗಳನ್ನು ತೊಟ್ಟಿನ ಅರ್ಧ ಉಳಿಸಿ ಕತ್ತರಿಸುತ್ತೇನೆ. ಉಳಿದ ತೊಟ್ಟು ತಾನಾಗಿ ಒಣಗಿ ಬೀಳುತ್ತದೆ, ಅದರ ಕಂಕುಳಿನ ಮೊಗ್ಗು ಚಿಗುರುತ್ತದೆ. ಎಲ್ಲ ಕಡೆ ಒಂದೇ ಥರ ತೆಗೆಯಬೇಡಿ. ಮರದ ಬಲವೆಲ್ಲ ನೆತ್ತಿಗೆ ಓಡುತ್ತದೆ. ನೆತ್ತಿಯಲ್ಲಿ ಪೂರ್ತಿ ತೆಗೆಯಿರಿ, ನಡುವೆ ಅರ್ಧ, ಕೆಳಗೊಂಬೆಗಳಲ್ಲಿ ಮುಟ್ಟಲೇಬೇಡಿ. ಕೆಳಗೊಂಬೆ ದಪ್ಪವಾಗಬೇಕಾದರೆ ಅದರ ತುದಿಯನ್ನೂ ಬಿಟ್ಟು ಉದ್ದ ಬೆಳೆಯಲು ಬಿಡಬೇಕು. ಈ ಮರ ಕೆಡಲು ಕಾರಣ ಇದರ ಉಲ್ಟಾ ಮಾಡಿದ್ದು. ಸುತ್ತಲೂ ಒಂದೇ ಸಮ ಕತ್ತರಿಸುತ್ತಾ ಬಂದರು, ಹಾಗಾಗಿ ಮೇಲಿನದು ಕೊಬ್ಬಿತು, ಕೆಳಗಿನದು ಸೊರಗಿತು.

ಒಂದು ಎಚ್ಚರಿಕೆ. ಪೇಟೆಯಲ್ಲಿ ಸಿಗುವ ಬೆಂಜಮಿನಾ, ಅದೇ ತೂಗುವ ಎಲೆಯ ಫೈಕಸ್, ಅದಕ್ಕೆ ಈ ಧೈರ್ಯ ಬೇಡ. ಎಲೆಯೇ ಉಳಿಯದಂತೆ ಕತ್ತರಿಸಿದ ಕೊಂಬೆ ಅದರಲ್ಲಿ ಒಣಗಿಬಿಡುವುದು ಹೆಚ್ಚು. ಎರಡು ಎಲೆಯಾದರೂ ಉಳಿಸಿ.

ಕೆಲಸ ಮುಗಿದ ಮೇಲೆ ಎರಡು ವಾರ ಬೆಳಗಿನ ಬಿಸಿಲು ಮಾತ್ರ ಬೀಳುವ ಜಾಗ. ಎಲೆ ಕಡಿಮೆ ಇದೆ, ನೀರೂ ಕಡಿಮೆ ಸಾಕು. ಹೊಸ ಚಿಗುರು ಬಿಚ್ಚುವ ತನಕ ಗೊಬ್ಬರ ಬೇಡ. ಮಳೆ ಜೋರಾದಾಗ ಕುಂಡದ ಮಣ್ಣಿನಲ್ಲಿ ನೀರು ನಿಲ್ಲಬಾರದು. ನಮ್ಮಲ್ಲಿ ಚಿರೆಕಲ್ಲಿನ ಚೂರು ಬೇಕಾದಷ್ಟಿದೆ. 3ರಿಂದ 6 ಮಿಲಿಮೀಟರಿನ ಚೂರು ಜರಡಿ ಹಿಡಿದು, ಪುಡಿ ತೊಳೆದು, ದಪ್ಪ ಮರಳು ಮತ್ತು ಸ್ವಲ್ಪ ಕೊಳೆತ ಗೊಬ್ಬರದ ಜೊತೆ ಸೇರಿಸಿದರೆ ಎಂಥ ಮಳೆಯಲ್ಲೂ ನೀರು ಇಳಿದುಹೋಗುತ್ತದೆ.

ತಂತಿ ಬಿಚ್ಚುವ ವಿಷಯ ಬರೆದುಕೊಳ್ಳಿ. ಮೇ ಕೊನೆಯಲ್ಲಿ ಕಟ್ಟಿದ ತಂತಿ ಸಣ್ಣ ಕೊಂಬೆಗಳಲ್ಲಿ ನಾಲ್ಕರಿಂದ ಆರು ವಾರದಲ್ಲೇ ಕಚ್ಚಲು ಶುರು ಮಾಡಬಹುದು. ಅದು ಹೆಚ್ಚುಕಡಿಮೆ ಜುಲೈ. ಹೊರಗೆ ಕಾಲಿಡಲಾಗದ ಮಳೆ, ಮರದ ಕಡೆ ಯಾರೂ ಹೋಗುವುದಿಲ್ಲ. ನಮ್ಮ ಜಿಲ್ಲೆಯ ಬೋನ್ಸಾಯ್‌ಗಳ ಮೇಲಿನ ಸುರುಳಿ ಗುರುತುಗಳೆಲ್ಲ ಆ ತಿಂಗಳಲ್ಲೇ ಆದವು ಅಂತ ನನಗೆ ಅನಿಸುತ್ತದೆ. ಹಾಗಾಗಿ ತಂತಿ ಕಟ್ಟಿದ ಮರವನ್ನು ಹಿತ್ತಲಲ್ಲಿಡಬೇಡಿ. ದಿನಾ ಓಡಾಡುವ ಜಗುಲಿಯ ಅಂಚಿನಲ್ಲಿ, ಬೆಳಕು ಬೀಳುವಲ್ಲಿ ಇಡಿ. ವಾರಕ್ಕೊಮ್ಮೆ ಕನ್ನಡಕ ಹಾಕಿಕೊಂಡು ನೋಡಿ. ತಂತಿಯ ಎರಡೂ ಬದಿಯ ತೊಗಟೆ ಉಬ್ಬಿ ಏಳುತ್ತಿದ್ದರೆ ಅವತ್ತೇ ತೆಗೆಯಿರಿ. ಸುತ್ತು ಬಿಚ್ಚಿ ಉಳಿಸಿಕೊಳ್ಳುವ ಆಸೆ ಬೇಡ. ತಂತಿ ಕತ್ತರಿಸುವ ಇಕ್ಕಳದಿಂದ ಪ್ರತಿ ಸುತ್ತನ್ನೂ ತುಂಡು ಮಾಡಿ ಉದುರಿಸಿ. ತಂತಿ ಕೆಲವು ರೂಪಾಯಿಯದು. ಬಿಚ್ಚಲು ಹೋಗಿ ಮುರಿದ ಕೊಂಬೆ ಮತ್ತೆ ಬರಲು ವರ್ಷಗಳು ಬೇಕು.

ತೆಗೆದ ಮೇಲೆ ಕೊಂಬೆ ಸ್ವಲ್ಪ ಮೇಲೆದ್ದರೆ ಒಂದೆರಡು ವಾರ ಬಿಟ್ಟು, ಹಳೇ ಗುರುತನ್ನು ತಪ್ಪಿಸಿ, ಎದುರು ದಿಕ್ಕಿನಲ್ಲಿ ಮತ್ತೆ ಕಟ್ಟಿ. ಹಸ್ತಾ ಮಳೆಯ ಹೊತ್ತಿಗೆ ಎರಡನೇ ಸುತ್ತಿನ ಕೆಲಸ ಇರುತ್ತದೆ. ದಪ್ಪ ಕೊಂಬೆಯ ಎಳೆತಂತಿ ಮುಂದಿನ ಮೇ ತನಕ ಇರಲಿ, ರಬ್ಬರ್ ತುಂಡಿನ ಜಾಗ ಮಾತ್ರ ಆಗಾಗ ಸರಿಸಿ. ಈ ಮರದ ಬಲಗೊಂಬೆಯ ಹಳೇ ಸುರುಳಿ ಗುರುತಿಗೆ ಏನು ಮಾಡುವುದು ಅಂತ ಒಬ್ಬರು ಕೇಳಿದರು. ಆ ಕೊಂಬೆಯನ್ನು ಎರಡು ಮಳೆಗಾಲ ಕತ್ತರಿ ಹಾಕದೆ ಬೆಳೆಸಿದರೆ ದಪ್ಪವಾಗುತ್ತಾ ಬಹುಪಾಲು ಮುಚ್ಚಿಹೋಗುತ್ತದೆ. ಪೂರ್ತಿ ಹೋಗದಿದ್ದರೆ ಅದರ ಬುಡದಲ್ಲಿ ಒಂದು ಚಿಗುರು ಉಳಿಸಿಕೊಂಡು, ಅದನ್ನೇ ಹೊಸ ಕೊಂಬೆ ಮಾಡಿ, ಹಳೆಯದನ್ನು ತೆಗೆಯುವುದು.

ಇನ್ನು ಈ ಬಕೆಟ್. ಇವತ್ತು ಕತ್ತರಿಸಿದ ಕೊಂಬೆಗಳೆಲ್ಲ ಇದರಲ್ಲಿ ನೀರಿನಲ್ಲಿವೆ, ಯಾವುದನ್ನೂ ಎಸೆಯುವುದಿಲ್ಲ. ಹೆಬ್ಬೆರಳು ದಪ್ಪದ ತುಂಡೂ ಈ ಹೊತ್ತಿನಲ್ಲಿ ಬೇರು ಬಿಡುತ್ತದೆ. ಹೋಗುವಾಗ ಒಂದೊಂದು ತಗೊಂಡು ಹೋಗಿ. ಕೆಳತುದಿಯನ್ನು ಓರೆಯಾಗಿ ಮತ್ತೊಮ್ಮೆ ಕತ್ತರಿಸಿ, ಹಾಲು ತೊಳೆದು, ತುದಿಯ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ಮರಳು ಜಾಸ್ತಿ ಇರುವ ಮಣ್ಣಿನಲ್ಲಿ ನೆರಳಿಗೆ ನೆಡಿ. ಮೃಗಶಿರ ಹಿಡಿಯುವ ಮೊದಲು ನೆಟ್ಟರೆ ಒಳ್ಳೇದು. ಮೊದಲ ವರ್ಷ ಅದಕ್ಕೆ ತಂತಿಯೂ ಬೇಡ, ಕತ್ತರಿಯೂ ಬೇಡ.